ಮೂಡಿಗೆರೆಯ ಮಳೆ, ಅರಸೀಕೆರೆಯ ಬಿಸಿಲು, ನಮ್ಮ ಲ್ಯಾಪ್‌ಟಾಪ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಮಗಳು ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾಳೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳೋಕಾಗಲ್ಲ ಅಂತ ಹಗಲೂ ರಾತ್ರಿ ಚಾರ್ಜರ್ ಹಾಕಿಯೇ ಇಟ್ಟಿರುತ್ತಾಳೆ. ಮೊದಲು ನಾಲ್ಕು ಗಂಟೆ ಬರುತ್ತಿದ್ದ ಬ್ಯಾಟರಿ ಈಗ ಮುಕ್ಕಾಲು ಗಂಟೆಗೇ ಮುಗಿಯುತ್ತದೆ. ಹಾಗೆ ಇಟ್ಟಿದ್ದೇ ತಪ್ಪಾಯಿತೇ? ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕು ಅಂತ ಅಂಗಡಿಯವರು ಹೇಳುತ್ತಾರೆ. ನಿಜವೇ?

ಉತ್ತರ: ಖಾಲಿ ಮಾಡುವ ವಿಷಯ ಮೊದಲು ಹೇಳಿಬಿಡುತ್ತೇನೆ: ದಯವಿಟ್ಟು ಬೇಡ. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಸಲಹೆ. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಇವತ್ತು ನಿಮ್ಮ ಮಗಳ ಲ್ಯಾಪ್‌ಟಾಪಿನಲ್ಲಿ ಇರುವುದು ಅದೇ ಜಾತಿಯದು. ಅದನ್ನು ಮತ್ತೆ ಮತ್ತೆ ಸೊನ್ನೆಗೆ ಇಳಿಸಿದರೆ ಆಯಸ್ಸು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. 20 ಶೇಕಡಾ ಹತ್ತಿರ ಬಂದಾಗ ಚಾರ್ಜಿಗೆ ಹಾಕಿದರೆ ಸಾಕು.

ಇನ್ನು ಸದಾ ಚಾರ್ಜರ್ ಹಾಕಿಡುವುದು. ತುಂಬಿದ ಮೇಲೂ ಕರೆಂಟು ನುಗ್ಗಿ ಬ್ಯಾಟರಿ ಹಾಳಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಆಗುವುದಿಲ್ಲ, ತುಂಬಿದ ಕೂಡಲೇ ಒಳಗಿನ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತದೆ. ತೊಂದರೆ ಇರುವುದು ದಿನಗಟ್ಟಲೆ 100ರಲ್ಲೇ ನಿಲ್ಲುವುದರಲ್ಲಿ. ಪೂರ್ತಿ ತುಂಬಿದಾಗ ಸಾಮಾನ್ಯವಾಗಿ ಒಂದೊಂದು ಸೆಲ್ಲಿನ ವೋಲ್ಟೇಜು 4.2ರ ಆಸುಪಾಸಿನಲ್ಲಿರುತ್ತದೆ. ಆ ಒತ್ತಡದಲ್ಲಿ ಒಳಗಿನ ದ್ರಾವಣ ನಿಧಾನವಾಗಿ ಕೆಡುತ್ತದೆ, ಬ್ಯಾಟರಿಯ ಒಂದು ಧ್ರುವವಾದ ಗ್ರಾಫೈಟ್ ಮೇಲಿನ ಪದರ ದಪ್ಪವಾಗುತ್ತದೆ, ಓಡಾಡಬೇಕಾದ ಲಿಥಿಯಂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇದಕ್ಕೆ ಲ್ಯಾಪ್‌ಟಾಪಿನ ಬಿಸಿಯೂ ಸೇರಿದರೆ ಕೆಡುವ ವೇಗ ಇನ್ನೂ ಹೆಚ್ಚು. ತುಂಬಿದ ಬ್ಯಾಟರಿ ಮತ್ತು ಬಿಸಿ, ಇವೆರಡೂ ಒಟ್ಟಿಗೆ ಇರದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಚಾರ್ಜಿಂಗನ್ನು 80ಕ್ಕೆ ನಿಲ್ಲಿಸುವ ಸೌಲಭ್ಯ ಈಗಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿದೆ. ಲೆನೊವೊದಲ್ಲಿ ವಾಂಟೇಜ್ ಆ್ಯಪ್ ತೆರೆದು ಕನ್ಸರ್ವೇಶನ್ ಮೋಡ್ ಹುಡುಕಿ. ಏಸಸ್‌ನಲ್ಲಿ ಮೈಏಸಸ್ ಆ್ಯಪ್ ಇದೆ. ಡೆಲ್, ಎಚ್‌ಪಿಯ ಹಲವು ಮಾದರಿಗಳಲ್ಲಿ ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್) ಒಳಗೆ ಸಿಗುತ್ತದೆ.

ಆದರೆ 80ಕ್ಕೆ ನಿಲ್ಲಿಸಿದರೆ ಕರೆಂಟು ಹೋದಾಗ ಐದರಲ್ಲಿ ಒಂದು ಪಾಲು ಕಡಿಮೆ ಸಿಗುತ್ತದಲ್ಲ ಎನ್ನುವಿರಿ. ಮೂಡಿಗೆರೆಯಂಥ ಕಡೆ ಇದು ಸಣ್ಣ ಮಾತಲ್ಲ, ಜುಲೈ ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ದರೆ ಇಡೀ ದಿನ ಕತ್ತಲೆ. ವರ್ಷವಿಡೀ 80ರಲ್ಲೇ ಇರಲಿ. ಗಾಳಿ ಜೋರಾದ ದಿನ, ಇಲ್ಲವೇ ಲೈನ್ ಕೆಲಸವಿದೆ ಎಂದು ಮೆಸ್ಕಾಂನವರು ಮೊದಲೇ ತಿಳಿಸಿದ ದಿನ ಬೆಳಗ್ಗೆ 100ಕ್ಕೆ ಏರಿಸಿಕೊಳ್ಳಲಿ. ಒಂದೆರಡು ದಿನ ತುಂಬಿದ್ದರೆ ಏನೂ ಆಗುವುದಿಲ್ಲ.

ಮನೆಯಲ್ಲಿ ಯುಪಿಎಸ್ ಇದ್ದರೆ ಇಷ್ಟು ಚಿಂತೆಯೂ ಬೇಡ. ಟೈಪಿಂಗ್, ಮೀಟಿಂಗ್‌ನಂಥ ಕೆಲಸಕ್ಕೆ ಲ್ಯಾಪ್‌ಟಾಪ್ ತಿನ್ನುವುದು ಸುಮಾರು 30 ವ್ಯಾಟ್ ಅಷ್ಟೇ. 150 ಎಎಚ್‌ನ ಒಂದು ಒಳ್ಳೆಯ ಬ್ಯಾಟರಿಯಲ್ಲಿ ಫ್ಯಾನು, ಎರಡು ಬಲ್ಬಿನ ಜೊತೆ ಲ್ಯಾಪ್‌ಟಾಪೂ ಐದಾರು ಗಂಟೆ ಓಡುತ್ತದೆ. ವೈಫೈ ರೂಟರನ್ನೂ ಯುಪಿಎಸ್ ಲೈನಿಗೇ ಹಾಕಿ. ಅದನ್ನು ಮರೆತು, ಬ್ಯಾಟರಿ ಇದ್ದೂ ನೆಟ್ ಇಲ್ಲದೆ ಕೂರುವವರು ಬಹಳ.

ಈಗಿನ ಬ್ಯಾಟರಿ ಎಷ್ಟು ಉಳಿದಿದೆ ಎಂದು ಮಗಳೇ ನೋಡಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿ, ಒ, ಡಬ್ಲ್ಯು, ಇ, ಆರ್, ಸಿ, ಎಫ್, ಜಿ ಎಂದು ಸೇರಿಸಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ, ಬ್ಯಾಟರಿ ರಿಪೋರ್ಟ್ ಎಂಬುದನ್ನು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆದು ಎಂಟರ್ ಒತ್ತಲಿ. ಒಂದು ಫೈಲ್ ಹುಟ್ಟುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಅಂಕಿ ಮುಖ್ಯ. ಮೊದಲನೆಯದು 42,000, ಎರಡನೆಯದು 21,000 ಇದ್ದರೆ ಬ್ಯಾಟರಿ ಅರ್ಧಕ್ಕೆ ಇಳಿದಿದೆ ಎಂದರ್ಥ. ಅಲ್ಲಿಂದ ಅದನ್ನು ಮೇಲೆತ್ತುವ ಯಾವ ಆ್ಯಪೂ ಇಲ್ಲ, ಹೊಸದು ಹಾಕಿಸಬೇಕು. ನಾಲ್ಕು ಗಂಟೆ ಮುಕ್ಕಾಲಕ್ಕೆ ಇಳಿದಿದೆ ಎಂದ ಮೇಲೆ ನಿಮ್ಮದು ಆ ಹಂತ ದಾಟಿರುವ ಹಾಗಿದೆ. ಹೊಸದು ಹಾಕಿಸಿದ ದಿನವೇ 80ರ ಮಿತಿ ಹಾಕಿಬಿಡಲಿ.

ಪ್ರಶ್ನೆ: ಅರಸೀಕೆರೆಯಲ್ಲಿ ನನ್ನದು ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಮೇಲೆ ಶೀಟು. ಬೆಳಗ್ಗೆ ಚೆನ್ನಾಗಿರುವ ಲ್ಯಾಪ್‌ಟಾಪ್ ಮಧ್ಯಾಹ್ನದ ಹೊತ್ತಿಗೆ ಆಮೆ ಆಗುತ್ತದೆ, ಫ್ಯಾನ್ ಕೂಗುತ್ತದೆ. ವೈರಸ್ಸೇ?

ಉತ್ತರ: ವೈರಸ್ ಆಗಿದ್ದರೆ ಬೆಳಗ್ಗೆಯೂ ಕಾಡುತ್ತಿತ್ತು. ಇದು ಬಿಸಿ. ಪ್ರೊಸೆಸರ್ ಒಂದು ಮಿತಿಗಿಂತ ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಗಾಳಿಯೇ ಕಾದಿರುತ್ತದೆ, ಅದರ ಮೇಲೆ ರಸ್ತೆಯ ಧೂಳು, ಜೆರಾಕ್ಸ್ ಕಾಗದದ ನವಿರು ಹುಡಿ. ಹಿಂಭಾಗ ಬಿಚ್ಚಿಸಿ ನೋಡಿ, ಫ್ಯಾನಿಗೂ ತಾಮ್ರದ ಪೈಪಿನ ತುದಿಯ ರೆಕ್ಕೆಗಳಿಗೂ ನಡುವೆ ಕಂಬಳಿಯ ಹಾಗೆ ಧೂಳು ಕಟ್ಟಿರುತ್ತದೆ. ಅದನ್ನು ತೆಗೆಸಿ, ಮೂರ್ನಾಲ್ಕು ವರ್ಷ ಹಳೆಯದಾಗಿದ್ದರೆ ಪ್ರೊಸೆಸರಿನ ಬಿಸಿಯನ್ನು ಪೈಪಿಗೆ ದಾಟಿಸುವ ಥರ್ಮಲ್ ಪೇಸ್ಟ್ ಕೂಡ ಬದಲಾಯಿಸಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಹಿಡಿದುಕೊಳ್ಳಲು ಹೇಳಿ, ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ.

ಯಂತ್ರದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಹಳೆಯ ಲ್ಯಾಪ್‌ಟಾಪಿಗೆ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ನನಗೆ ಗೊತ್ತಿಲ್ಲ. ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್‌ಗಳು ಸೇರಿ) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜನರ ಆಧಾರ್, ಬ್ಯಾಂಕ್ ವಿವರ ನಿಮ್ಮ ಕೈಯಲ್ಲಿ ಹಾದುಹೋಗುತ್ತವೆ. ನೀವು ಇನ್ನೂ ಅದರಲ್ಲೇ ಇದ್ದರೆ ಹೊಸ ವಿಂಡೋಸ್‌ಗೆ ಬದಲಾಗುವ ಕೆಲಸ ಮುಂದೂಡಬೇಡಿ.

ಪ್ರಶ್ನೆ: ಸಾರ್, ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗುತ್ತಿಲ್ಲ, ಟೇಬಲ್ ಮೇಲಿಟ್ಟರೆ ಅಲ್ಲಾಡುತ್ತದೆ. ಬ್ಯಾಟರಿ ಊದಿದೆ, ಪಿನ್ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತೆ ಅಂತ ರೂಮ್‌ಮೇಟ್ ಹೇಳುತ್ತಾನೆ. ಮುಂದಿನ ವಾರ ಪ್ರಾಜೆಕ್ಟ್ ಕೊಡಬೇಕು.

ಉತ್ತರ: ಪಿನ್ ಚುಚ್ಚಲೇಬೇಡಿ. ರೂಮ್‌ಮೇಟ್‌ಗೂ ಇದನ್ನು ಓದಿಸಿ. ಒಳಗೆ ತುಂಬಿರುವುದು ಬರೀ ಗಾಳಿಯಲ್ಲ, ಕೆಟ್ಟ ದ್ರಾವಣದಿಂದ ಹುಟ್ಟಿದ, ಹೊತ್ತಿಕೊಳ್ಳಬಲ್ಲ ಅನಿಲ. ಪಿನ್ ಒಳಗಿನ ಪದರಗಳನ್ನು ತೂರಿದರೆ ಶಾರ್ಟ್ ಆಗಿ ಕ್ಷಣಾರ್ಧದಲ್ಲಿ ಬೆಂಕಿ ಹತ್ತಬಹುದು. ಆ ಹೊಗೆಯೂ ವಿಷ.

ಇದನ್ನು ಓದಿದ ಕೂಡಲೇ ಚಾರ್ಜರ್ ತೆಗೆದು ಲ್ಯಾಪ್‌ಟಾಪ್ ಆಫ್ ಮಾಡಿ. ಒತ್ತಿ ಮುಚ್ಚಲು ಹೋಗಬೇಡಿ. ಹಾಸಿಗೆ, ಪುಸ್ತಕದಿಂದ ದೂರ, ಬರಿ ನೆಲದ ಮೇಲಿಡಿ. ನಾಳೆಯೇ ಸರ್ವೀಸ್ ಸೆಂಟರಿಗೆ ಹೋಗಿ ಬ್ಯಾಟರಿ ತೆಗೆಸಿ. ಬ್ಯಾಟರಿ ಇಲ್ಲದೆ ಬರೀ ಅಡಾಪ್ಟರ್ ಮೇಲೆ ಓಡುವ ಮಾದರಿಗಳು ಬೇಕಾದಷ್ಟಿವೆ. ನಿಮ್ಮದೂ ಅಂಥದ್ದಾದರೆ ಪ್ರಾಜೆಕ್ಟ್ ನಿಲ್ಲುವುದಿಲ್ಲ. ಕರೆಂಟು ಹೋದರೆ ತಟ್ಟನೆ ಆಫ್ ಆಗುತ್ತದೆ, ಆಗಾಗ ಸೇವ್ ಮಾಡುತ್ತಿರಿ.

ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದರ ಪಾರ್ಟ್ ನಂಬರ್, ವೋಲ್ಟೇಜ್ ತಾಳೆ ನೋಡಿ. ಕಂಪನಿಯದೇ ಸಿಕ್ಕರೆ ಒಳ್ಳೆಯದು. ಬೇರೆಯದಾದರೆ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 16046 ಎಂಬ ಸಂಖ್ಯೆ ಇದೆಯೇ ನೋಡಿ. ಬಿಲ್ಲೂ ವಾರಂಟಿಯೂ ಇಲ್ಲದ್ದನ್ನು ಎಷ್ಟೇ ಅಗ್ಗವಿದ್ದರೂ ಕೊಳ್ಳಬೇಡಿ. ಊದಿದ ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ, ಗಾಡಿಯಲ್ಲಿ ಕಸ ಒತ್ತುವಾಗ ಸಿಡಿದರೆ ಪೌರಕಾರ್ಮಿಕರ ಕೈ ಸುಡುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮದಂತೆ ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಸರ್ವೀಸ್ ಸೆಂಟರಿನಲ್ಲೇ ಕೊಟ್ಟುಬನ್ನಿ.

ಪ್ರಶ್ನೆ: ಸಕಲೇಶಪುರದ ಹತ್ತಿರ ಶಾಲೆಯಲ್ಲಿ ಶಿಕ್ಷಕಿ. ಚಾರ್ಜಿಗೆ ಹಾಕಿ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮಳೆಗಾಲದಲ್ಲಿ ಬ್ಯಾಗಿಗೂ ಬೂಷ್ಟು ಹಿಡಿಯುತ್ತದೆ. ಸ್ಟೆಬಿಲೈಜರ್ ಹಾಕಿಸಬೇಕೇ?

ಉತ್ತರ: ಸ್ಟೆಬಿಲೈಜರ್ ಬೇಡ ಮೇಡಂ. ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ, 100ರಿಂದ 240 ವೋಲ್ಟ್ ಎಂದಿರುತ್ತದೆ. ರಾತ್ರಿ ಬಲ್ಬು ಮಂಕಾಗುವಷ್ಟು ವೋಲ್ಟೇಜ್ ಇಳಿದರೂ ಅದು ತಡೆದುಕೊಳ್ಳುತ್ತದೆ. ತಡೆಯಲಾರದ್ದು ಸಿಡಿಲು. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ರೂಟರಿನಿಂದ ಕೇಬಲ್ ಬಂದಿದ್ದರೆ ಅದನ್ನೂ ತೆಗೆಯಿರಿ.

ಕೈ ಜುಮ್ ಅನ್ನುವುದು ಹೆಚ್ಚಾಗಿ ಅರ್ಥಿಂಗ್ ಇಲ್ಲದ್ದರಿಂದ. ಮೂರು ಪಿನ್ನಿನ ಅಡಾಪ್ಟರನ್ನು ಎರಡು ಪಿನ್ನಿನ ಎಕ್ಸ್‌ಟೆನ್ಶನ್‌ಗೆ ಸಿಕ್ಕಿಸಿದ್ದೀರಾ ನೋಡಿ. ಅಲ್ಲವಾದರೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥ್ ಪರೀಕ್ಷೆ ಮಾಡಿಸಿ. ಜುಮ್ ಬದಲು ಜೋರಾಗಿ ಶಾಕ್ ಹೊಡೆದರೆ ಆ ಅಡಾಪ್ಟರ್ ಬಳಸುವುದನ್ನೇ ಬಿಡಿ.

ಬೂಷ್ಟಿನ ಕಾಲದಲ್ಲಿ ಲ್ಯಾಪ್‌ಟಾಪನ್ನು ಬ್ಯಾಗಿನಲ್ಲಿ ಮುಚ್ಚಿ ಗೋಡೆಗೆ ಒರಗಿಸಿಡುವುದೇ ದೊಡ್ಡ ಶತ್ರು. ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ, ಅದರ ಶಾಖವೇ ಒಳಗಿನ ತೇವ ಓಡಿಸುತ್ತದೆ. ಮಳೆಯಲ್ಲಿ ನೆನೆದರೆ ಮಾತ್ರ ಆನ್ ಮಾಡಬೇಡಿ. ಬಟ್ಟೆ ಒಣಗಿಸಿದ ಹಾಗೆ ಹಂಡೆ ಒಲೆಯ ಹತ್ತಿರವೂ ಇಡಬೇಡಿ, ಆ ಶಾಖ ಬ್ಯಾಟರಿಗೆ ಅಪಾಯ. ಚಾರ್ಜರ್ ಕಿತ್ತು, ಕೀಬೋರ್ಡ್ ಕೆಳಮುಖ ಮಾಡಿ, ಫ್ಯಾನಿನ ಗಾಳಿಗಿಟ್ಟು, ಬಿಚ್ಚಿ ಒಣಗಿಸಬಲ್ಲವರ ಬಳಿ ಒಯ್ಯಿರಿ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಬಿಟ್ಟುಹೋಗುವುದಾದರೆ ಅರ್ಧ ಚಾರ್ಜಿನಲ್ಲಿ, ಪೂರ್ತಿ ಶಟ್‌ಡೌನ್ ಮಾಡಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀರುವಿನ ಮೇಲಿನ ಅರೆಯಲ್ಲಿಡಿ.