ವಾಡೇಕರ್ ಜಾರಿದ್ದೊಂದೇ ಕಾರಣವಾ?

(ಸಂಪಾದಕರ ಉತ್ತರ)

ಡೊಂಬಿವಲಿಯ ಓದುಗ ಮಿತ್ರರಿಗೆ ನಮಸ್ಕಾರ.

ಪತ್ರ ತಲುಪಿತು, ಜೊತೆಗೆ ಸಿಟ್ಟೂ ತಲುಪಿತು. ಹೋದ ಸಂಚಿಕೆಯಲ್ಲಿ ಕರ್ನಾಟಕ ರಣಜಿ ತಂಡದ ಬಗ್ಗೆ ಲೇಖನ ಹಾಕಿದ್ದಕ್ಕೆ ನೀವು ಎರಡು ಮಾತು ಹೇಳಿದ್ದೀರಿ. ಒಂದು, 1974ರ ರಣಜಿ ಸೆಮಿಫೈನಲಲ್ಲಿ ಬಾಂಬೆಯ ಅಜಿತ್ ವಾಡೇಕರ್ ಕಾಲು ಜಾರಿ ರನೌಟ್ ಆಗದೇ ಇದ್ದಿದ್ರೆ ಕರ್ನಾಟಕ ಬಾಂಬೆಯನ್ನ ಸೋಲಿಸ್ತಾನೇ ಇರ್ಲಿಲ್ಲ, ಅದು ಬರೀ ಲಕ್ಕು. ಇನ್ನೊಂದು, ಮುಂಬಯಿ ನೀರು ಕುಡಿದು ಮುಂಬಯಿಯಲ್ಲೇ ಪತ್ರಿಕೆ ನಡೆಸಿ ಬೆಂಗಳೂರಿನವರ ತಂಡಕ್ಕೆ ಜೈ ಅನ್ನೋದು ಉಂಡ ಮನೆಗೆ ಎರಡು ಬಗೆಯೋ ಕೆಲಸ. ಸರಿ, ಎರಡಕ್ಕೂ ಉತ್ತರ ಕೊಡ್ತೇನೆ, ಸ್ವಲ್ಪ ಉದ್ದ ಆಗ್ತದೆ, ಒಂದು ಕಟಿಂಗ್ ಚಹಾ ತರಿಸ್ಕೊಳ್ಳಿ.

ಮೊದಲು ಒಪ್ಪಿಕೊಳ್ಳಬೇಕಾದ್ದನ್ನ ಒಪ್ಪಿಬಿಡುವ. 1958-59ರಿಂದ 1972-73ರ ತನಕ ಸತತ 15 ವರ್ಷ ರಣಜಿ ಟ್ರೋಫಿ ಈ ಊರು ಬಿಟ್ಟು ಹೊರಗೆ ಹೋಗ್ಲಿಲ್ಲ. ಅದು ಸುಮ್ಮನೆ ಆದದ್ದಲ್ಲ. 1948ರಲ್ಲಿ ಶುರುವಾದ ಕಾಂಗಾ ಲೀಗ್ ನೋಡಿ, ಬೇರೆ ಊರಲ್ಲಿ ಮಳೆ ಬಂದ್ರೆ ಕ್ರಿಕೆಟ್ ನಿಲ್ತದೆ, ಇಲ್ಲಿ ಮಳೆಗಾಲಕ್ಕೇ ಅಂತ ಒಂದು ಲೀಗ್! ಆಜಾದ್ ಮೈದಾನದಲ್ಲಿ ಹುಲ್ಲು ಎದ್ದಿರ್ತದೆ, ಪಿಚ್ ಒದ್ದೆ, ಚೆಂಡು ಒಮ್ಮೆ ಎದೆಗೆ ಬರ್ತದೆ ಒಮ್ಮೆ ಕಾಲಬುಡಕ್ಕೆ ಹೋಗ್ತದೆ, ಅದರಲ್ಲಿ 30 ಹೊಡೆದ ಹುಡುಗನಿಗೆ ಒಣಗಿದ ಪಿಚ್ಚಲ್ಲಿ ನೂರು ಹೊಡೆಯೋದು ದೊಡ್ಡ ಮಾತಾ? ಇನ್ನು ಬೌಲಿಂಗ್. ಪದ್ಮಾಕರ್ ಶಿವಾಲ್ಕರ್ ಫಸ್ಟ್ ಕ್ಲಾಸಲ್ಲಿ 589 ವಿಕೆಟ್ ತಗೊಂಡ್ರು, ಒಂದೇ ಒಂದು ಟೆಸ್ಟ್ ಆಡ್ಲಿಲ್ಲ. ಅಂಥವರು ಬರೀ ರಣಜಿಗೆ ಅಂತ ಸಿಕ್ತಿದ್ದ ತಂಡ ಅದು.

ನಮ್ಮ ಕಡೆಯ ಕತೆ ಇದಕ್ಕೆ ಉಲ್ಟಾ. ರಣಜಿಯ ಮೊಟ್ಟಮೊದಲ ಮ್ಯಾಚೇ ಮೈಸೂರಿನದ್ದು (ಆಗ ನಮ್ಮ ತಂಡದ ಹೆಸರು ಅದೇ), 1934ರ ನವೆಂಬರಲ್ಲಿ ಚೆಪಾಕಿನಲ್ಲಿ ಮದ್ರಾಸ್ ಮೇಲೆ, ಒಂದೇ ದಿನದಲ್ಲಿ ಸೋತು ಮುಗಿಸಿದ್ರು. ಆಮೇಲೆ 1941-42ರಲ್ಲಿ ಫೈನಲ್, 1959-60ರಲ್ಲಿ ಮತ್ತೆ ಫೈನಲ್, ಎರಡೂ ಸಲ ಹೊಡೆದದ್ದು ಬಾಂಬೆಯೇ.

ಹಾಗಾದ್ರೆ 1974 ಎಲ್ಲಿಂದ ಬಂತು? ನನ್ನ ಪ್ರಕಾರ ಅದು ಒಂದು ರನೌಟಿಂದ ಬಂದದ್ದಲ್ಲ, ಹತ್ತು ವರ್ಷದಿಂದ ಬರ್ತಾ ಇತ್ತು. ಎರಾಪಳ್ಳಿ ಪ್ರಸನ್ನ ಟೆಸ್ಟ್ ಆಡಿದ ಮೇಲೆ ಎಂಜಿನಿಯರಿಂಗ್ ಮುಗಿಸ್ಬೇಕು ಅಂತ ಬಿಟ್ಟು ಹೋಗಿ ವಾಪಸ್ ಬಂದವರು, ಚೆಂಡನ್ನ ಬ್ಯಾಟ್ಸ್‌ಮನ್ ಕಣ್ಣಿಗಿಂತ ಮೇಲೆ ತೇಲಿಸಿ ಮುಂದೆ ಬಾ ಬಾ ಅಂತ ಕರೆದು ಮೋಸ ಮಾಡೋದು ಅವರ ರೀತಿ. ಚಂದ್ರಶೇಖರ್‌ಗೆ ಚಿಕ್ಕಂದಿನ ಪೋಲಿಯೋದಿಂದ ಬಲಗೈ ಸಣ್ಣ ಆಗಿತ್ತು, ಫೀಲ್ಡಿಂಗಲ್ಲಿ ಎಡಗೈಲಿ ಎಸೀತಿದ್ರು, ಬೌಲಿಂಗ್ ಮಾತ್ರ ಅದೇ ಸಣ್ಣ ಬಲಗೈಲಿ, ಗೂಗ್ಲಿ ಅಂದ್ರೆ ಮೀಡಿಯಂ ಪೇಸರ್ ಥರ ಬರ್ತಿತ್ತು. ಭದ್ರಾವತಿಯ ವಿಶ್ವನಾಥ್ 1967ರಲ್ಲಿ ಆಂಧ್ರದ ಮೇಲೆ ಮೊದಲ ರಣಜಿ ಮ್ಯಾಚಲ್ಲೇ 230 ಹೊಡೆದು ಬಂದವರು. ಕೀಪರ್ ಕಿರ್ಮಾನಿ, ಬ್ಯಾಟಿಂಗಿಗೆ ಜೊತೆಗೆ ಬ್ರಿಜೇಶ್ ಪಟೇಲ್. ಇಷ್ಟು ಜನ ಒಟ್ಟಿಗೆ ಇದ್ರು ಅಂದ್ಮೇಲೆ ಲಕ್ಕಿಗೆ ಎಷ್ಟು ಜಾಗ ಉಳೀತು ಮಾರಾಯ್ರೆ?

ಇದರಲ್ಲಿ ಒಂದು ತಮಾಷೆ ಉಂಟು. 1971ರ ಆಗಸ್ಟಲ್ಲಿ ಓವಲ್‌ನಲ್ಲಿ ಇಂಗ್ಲೆಂಡನ್ನ ಸೋಲಿಸಿ ಭಾರತದ ಕ್ಯಾಪ್ಟನ್ ವಾಡೇಕರ್ ಇಲ್ಲಿಗೆ ಹೀರೋ ಆಗಿ ಬಂದ್ರಲ್ಲ, ಆ ಮ್ಯಾಚ್ ತಿರುಗಿಸಿದ್ದು 38 ರನ್ನಿಗೆ 6 ವಿಕೆಟ್ ತೆಗೆದ ಚಂದ್ರ. ಮೂರು ವರ್ಷ ಆಗೋದ್ರೊಳಗೆ ಅದೇ ಚಂದ್ರ ಅದೇ ವಾಡೇಕರ್‌ಗೆ ಎದುರು ನಿಂತಿದ್ರು.

ಈಗ ಆ ಸೆಮಿಫೈನಲ್ಲು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿ ಕೆಲವೇ ತಿಂಗಳು, ಬೆಂಗಳೂರಿನ ಹೊಸ ಸ್ಟೇಡಿಯಂ. ಕರ್ನಾಟಕ 385, ಅದರಲ್ಲಿ ವಿಶಿ (ವಿಶ್ವನಾಥ್) 162, ಬ್ರಿಜೇಶ್ 106. ಬಾಂಬೆ ಇಳಿದಾಗ ಗವಾಸ್ಕರ್ 30ಕ್ಕೆ ಪ್ರಸನ್ನ ಕೈಲಿ ಬೌಲ್ಡ್. ವಾಡೇಕರ್ ಮತ್ತೆ ಅಶೋಕ್ ಮಂಕಡ್ ನಿಂತು ಆಡ್ತಾ ಇದ್ದದ್ದು ಹೌದು, ವಾಡೇಕರ್ ಜಾರಿದ್ದೂ ಹೌದು, 62ಕ್ಕೆ ರನೌಟ್. ಆದ್ರೆ ಒಟ್ಟು ಆದದ್ದು 307. ಮ್ಯಾಚ್ ಡ್ರಾ ಆದ್ರೆ ಮೊದಲ ಇನಿಂಗ್ಸಲ್ಲಿ ಲೀಡ್ ಇದ್ದವರೇ ಮುಂದಕ್ಕೆ ಹೋಗೋದು, ಅಲ್ಲಿ ಬಾಂಬೆ ಹಿಂದೆ ಬಿದ್ದದ್ದು 78 ರನ್ನು, ಎಂಟಲ್ಲ. ಮಂಕಡ್ 84 ಹೊಡೆದ ಮೇಲೂ, ಉಳಿದವರೆಲ್ಲ ಕ್ರೀಸಿಗೆ ಬಂದು ಹೋದ ಮೇಲೂ ಇಷ್ಟು ಕಡಿಮೆ ಅಂದ್ರೆ ಅದನ್ನ ಒಬ್ಬರ ಶೂ ಮೇಲೆ ಹಾಕೋದು ಸರಿಯಲ್ಲ. ಆಮೇಲೆ ಜೈಪುರದ ಫೈನಲಲ್ಲಿ ರಾಜಸ್ಥಾನವನ್ನ 185 ರನ್ನಿಂದ ಹೊಡೆದ್ರಲ್ಲ, ಅಲ್ಲಿ ಯಾರು ಜಾರಿದ್ರು?

ಮರುವರ್ಷವೇ ಫೈನಲಲ್ಲಿ ಬಾಂಬೆ ಬಡ್ಡಿ ಸಮೇತ ತೀರಿಸಿಕೊಂಡಿತು, ಅದನ್ನ ನೀವು ಬರೀಲಿಲ್ಲ, ನಾನೇ ಬರೀತಿದ್ದೇನೆ ನೋಡಿ.

ನನಗೆ ಇದಕ್ಕಿಂತ ಇಷ್ಟ 1981-82ರ ಸೆಮಿಫೈನಲ್. ಮತ್ತೆ ಬೆಂಗಳೂರು, ಬೌಲರ್ ಪುತ್ತೂರಿನ ರಘುರಾಮ್ ಭಟ್, ಎಡಗೈ ಸ್ಪಿನ್. ಮೊದಲ ಇನಿಂಗ್ಸಲ್ಲೇ 123ಕ್ಕೆ 8. ಎರಡನೇ ಇನಿಂಗ್ಸಿಗೆ ಬರುವಾಗ ಪಿಚ್ ಪೂರ್ತಿ ಬಿರುಕು ಬಿಟ್ಟು ಚೆಂಡು ಅಡ್ಡಾದಿಡ್ಡಿ ತಿರುಗ್ತಾ ಇತ್ತು. ಆಗ ಗವಾಸ್ಕರ್ ಏನು ಮಾಡಿದ್ರು ಗೊತ್ತುಂಟಾ, ಭಟ್ ಬೌಲಿಂಗಿಗೆ ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತ್ರು, ಬೇರೆಯವರು ಬೌಲ್ ಮಾಡಿದ್ರೆ ಮತ್ತೆ ಬಲಗೈ! ಲೆಕ್ಕ ಸುಲಭ, ಬಲಗೈಯವನಿಗೆ ಹೊರಕ್ಕೆ ತಿರುಗಿ ಎಡ್ಜ್ ತಗೊಳ್ಳೋ ಅದೇ ಚೆಂಡು ಎಡಗೈಗೆ ನಿಂತ್ರೆ ಒಳಗೆ ಬಂದು ಪ್ಯಾಡಿಗೋ ಮೈಗೋ ಬಡಿದು ಸುಮ್ಮನಾಗ್ತದೆ. ಕೊನೇ ತನಕ ಔಟಾಗ್ಲಿಲ್ಲ, 18 ನಾಟೌಟ್. ಫೈನಲಿಗೆ ಹೋದದ್ದು ಕರ್ನಾಟಕವೇ. ಜಗತ್ತಿನ ದೊಡ್ಡ ಓಪನರನ್ನ ಕೈ ಬದಲಾಯಿಸೋ ಹಾಗೆ ಮಾಡಿದವ ನಮ್ಮ ಪುತ್ತೂರಿನವ ಅಂತ ಹೇಳ್ಕೊಳ್ಳೋದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ, ಹಾಗೇ ಆ ಉಪಾಯ ಹೊಳೆದದ್ದು ನಮ್ಮ ಮುಂಬಯಿಯವರಿಗೆ ಅನ್ನೋದಕ್ಕೂ ಇಲ್ಲ.

ಆಮೇಲಿನದ್ದು ನಿಮಗೂ ನೆನಪಿರ್ತದೆ. 2010ರ ಜನವರಿಯಲ್ಲಿ ಮೈಸೂರಿನ ಫೈನಲ್, 338 ಬೇಕಿತ್ತು, ಮನೀಶ್ ಪಾಂಡೆ 144 ಹೊಡೆದ್ರು, ಕೊನೆಗೆ ಆರೇ ಆರು ರನ್ನಲ್ಲಿ ಮುಂಬಯಿ ಗೆದ್ದಿತು. 2015ರ ಸೆಮಿಫೈನಲಲ್ಲಿ ವಿನಯ್ ಕುಮಾರ್ 20 ರನ್ನಿಗೆ 6 ತೆಗೆದು ಮುಂಬಯಿ 44ಕ್ಕೆ ಆಲೌಟ್, ಅಲ್ಲಿಂದ ಕರ್ನಾಟಕ ಫೈನಲ್ ಆಡೋಕೆ ಬಂದದ್ದು ನಮ್ಮ ವಾಂಖೆಡೆಗೇ. ಕರುಣ್ ನಾಯರ್ ತಮಿಳುನಾಡಿನ ಮೇಲೆ 328.

ಇನ್ನು ಉಂಡ ಮನೆಯ ಮಾತು. ಬುಧಿ ಕುಂದರನ್ ಯಾರ ಮನೆಯವರು, ಹೇಳಿ ನೋಡುವ? ಊರು ಮೂಲ್ಕಿ, ಬೆಳೆದದ್ದು ಬಾಂಬೆ. ರಣಜಿಯನ್ನೇ ಆಡದೆ 1960ರಲ್ಲಿ ಬ್ರೆಬೋರ್ನ್‌ನಲ್ಲಿ ಆಸ್ಟ್ರೇಲಿಯಾದ ಮೇಲೆ ಟೆಸ್ಟಿಗಿಳಿದ್ರು, ಕೀಪಿಂಗ್ ಗ್ಲೌಸೂ ಸ್ವಂತದ್ದಲ್ಲ, ಬಾಂಬೆಯ ಕೀಪರ್ ನರೇನ್ ತಮ್ಹಾನೆಯವರದ್ದು. ಆಮೇಲೆ ರಣಜಿ ಆಡಿದ್ದು ಮೊದಲು ರೈಲ್ವೇಸಿಗೆ, ಮತ್ತೆ ಮೈಸೂರಿಗೆ. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ಮೇಲೆ 192 ಹೊಡೆದಾಗ ಅದನ್ನ ಯಾವ ಊರಿನ ಖಾತೆಗೆ ಬರೆಯೋದು? ಬರೋಡದ ಮೇಲೆ ವಾಂಖೆಡೆಯಲ್ಲಿ ಒಂದೇ ಓವರಿಗೆ ಆರು ಸಿಕ್ಸರ್ ಎತ್ತಿದ ರವಿ ಶಾಸ್ತ್ರಿ ಮನೆತನದ ಮೂಲ ಮಂಗಳೂರು ಕಡೆ, ಶ್ರೇಯಸ್ ಅಯ್ಯರ್ ತಾಯಿಯೂ ಅದೇ ಕಡೆಯವರು. ಹಾಗಾಗಿ ನಿಮ್ಮ ಮಗ ಮುಂಬಯಿ ಮುಂಬಯಿ ಅಂತ ಕೂಗಿದ್ರೆ ಕೂಗ್ಲಿ ಬಿಡಿ, ಅವನನ್ನ ತಿದ್ದೋ ಕೆಲಸ ಈ ಪತ್ರಿಕೆಯದ್ದಲ್ಲ. ನನ್ನದು ಕೇಳಿದ್ರೆ, ಕರ್ನಾಟಕ ಇದ್ದಾಗ ಕರ್ನಾಟಕ, ಮುಂಬಯಿ ಡೆಲ್ಲಿ ಮೇಲೆ ಆಡುವಾಗ ಮುಂಬಯಿ, ಇದರಲ್ಲಿ ಎರಡು ಬಗೆಯೋದು ಏನೂ ಇಲ್ಲ.

ಒಂದು ಕೋರಿಕೆ. 1982-83ರ ಫೈನಲನ್ನ ವಾಂಖೆಡೆಯಲ್ಲೇ ಕೂತು ನೋಡಿದೆ, ಕರ್ನಾಟಕ ಮೊದಲ ಇನಿಂಗ್ಸ್ ಲೀಡಿನ ಮೇಲೆ ಕಪ್ ತಗೊಂಡಾಗ ಸ್ಟ್ಯಾಂಡಲ್ಲಿ ಹೋಟೆಲ್ ಹುಡುಗರು ಕುಣಿದದ್ದು ನೋಡಿ ಮೈ ಉರೀತು ಅಂತ ಪತ್ರದ ಕೊನೆಗೆ ಎರಡೇ ಸಾಲು ಬರೆದಿದ್ದೀರಿ. ಅದನ್ನ ಪೂರ್ತಿ ಬರೆದು ಕಳಿಸಿ, ಮೈ ಉರಿದದ್ದು ಸಮೇತ. ಮುಂದಿನ ಸಂಚಿಕೆಗೆ ಎರಡು ಪುಟ ಬಿಟ್ಟಿರ್ತೇನೆ.

ಸಂ.