ಬಜ್ಪೆ ದಾಟುವ ಮುನ್ನ

ಪ್ರಶ್ನೆ: ಅಕ್ಕ, ನನಗೆ 29 ವರ್ಷ. ಸಿವಿಲ್ ಡಿಪ್ಲೊಮಾ ಮಾಡಿ ಮಂಗಳೂರಿನಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೇನೆ, ಸಂಬಳ 28 ಸಾವಿರ. ದುಬೈಯಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ 4,500 ದಿರಮ್, ಅದರಲ್ಲಿ ಬೇಸಿಕ್ 2,000. ಎರಡು ವರ್ಷದ ಕರಾರು. ಮಗಳಿಗೆ ಎಂಟು ತಿಂಗಳು. ಹಳೆಯ ಹಂಚಿನ ಮನೆ ಕೆಡವಿ ಹೊಸದು ಕಟ್ಟಬೇಕೆಂದು ಅಮ್ಮನ ಆಸೆ. ‘ಸದ್ಯ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳಬಹುದು’ ಎನ್ನುತ್ತಾರೆ ಏಜೆಂಟರು. ಎರಡೇ ವರ್ಷ ತಾನೇ, ಹೋಗಿ ಬರಲೇ?
– ಬ್ರಹ್ಮಾವರದ ಓದುಗ

ಉತ್ತರ: ‘ಎರಡೇ ವರ್ಷ’ ಎಂದು ನಾನೂ ಹೇಳಿಯೇ ಹೊರಟಿದ್ದೆ, 2003ರಲ್ಲಿ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ದುಬೈಗೆ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲಿನವರು ನಾವು, ಉಡುಪಿಯಲ್ಲಿ ಮುಂಬೈ ಬಸ್ಸು ಹತ್ತಿದವರು. ನನ್ನೂರು ಕಟಪಾಡಿಗೆ ಮರಳಿದ್ದು 2014ರಲ್ಲಿ. ಹನ್ನೊಂದು ವರ್ಷ ಕಟ್ಟಡ ಕಂಪನಿಯೊಂದರ ಲೆಕ್ಕ ಬರೆದೆ, ಸ್ವಂತ ಲೆಕ್ಕ ಮಾತ್ರ ತಪ್ಪಿತು. ಯಾರೂ ನನ್ನನ್ನು ಕಟ್ಟಿ ಹಾಕಿರಲಿಲ್ಲ. ಮೊದಲ ಕರಾರು ಮುಗಿಯುವಾಗ ಮನೆಯ ಪಂಚಾಂಗ, ಅಂದರೆ ಅಡಿಪಾಯದ ಕಟ್ಟೆ, ಎದ್ದಿತ್ತು. ಪಂಚಾಂಗ ಎದ್ದ ಮೇಲೆ ಗೋಡೆ ಬೇಡವೇ? ಇನ್ನೆರಡು ವರ್ಷ. ಗೋಡೆಗೆ ತಾರಸಿ, ತಾರಸಿಯ ಕೆಳಗೆ ತಂಗಿಯ ಮದುವೆ, ಮದುವೆಗೆ ಬಂದವರು ಕಂಪೌಂಡ್ ಇಲ್ಲವೇ ಎಂದು ಕೇಳಿದರು.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಹೋಗಿ, ಆದರೆ ಹೋದ ಕೂಡಲೇ ಮನೆಗೆ ಕೈ ಹಾಕಬೇಡಿ. ಊರವರ ಮನೆಗಳನ್ನೆಲ್ಲ ನಿಂತು ಕಟ್ಟಿಸಿದ ನೀವು ನಿಮ್ಮದನ್ನು ವಾಟ್ಸಾಪ್ ಫೋಟೊ ನೋಡಿ ಕಟ್ಟಿಸುತ್ತೀರಾ? ಸಿಮೆಂಟಿಗೆ ಮರಳೆಷ್ಟು ಬಿತ್ತು ಎಂಬುದು ಫೋಟೊದಲ್ಲಿ ಕಾಣುವುದಿಲ್ಲ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಂಚು ಸರಿಮಾಡಿಸಿ ಅಮ್ಮನನ್ನು ಎರಡು ಮಳೆಗಾಲ ಅಲ್ಲೇ ಇರಿಸಿ. ಹಣ ಪೂರ್ತಿ ಕೂಡಿದ ಮೇಲೆ ಬಂದು, ಎದುರು ನಿಂತು ಕಟ್ಟಿಸಿ. ಅರ್ಧ ಎದ್ದ ಗೋಡೆಯಷ್ಟು ಜೋರಾಗಿ ಯಾವ ಮಾಲೀಕನೂ ಕರಾರು ನವೀಕರಿಸುವುದಿಲ್ಲ.

ಇನ್ನು ಕಾಗದದ ವಿಷಯ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನುಬಾಹಿರ. ಸಿಕ್ಕಿಬಿದ್ದರೆ ದಂಡ ಕಟ್ಟಿ ಗಡೀಪಾರಾಗುವವರು ನೀವು, ಏಜೆಂಟರಲ್ಲ. ಕೆಲಸದ ಪರವಾನಗಿ, ವೀಸಾ ಇವುಗಳ ಖರ್ಚು ಮಾಲೀಕನದೇ ಎಂದು ಅಲ್ಲಿನ ಕಾನೂನು ಹೇಳುತ್ತದೆ. ನಮ್ಮ ದೇಶದಲ್ಲೂ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ. ನಿಮ್ಮ ಏಜೆಂಟರ ನೋಂದಣಿ ಸಂಖ್ಯೆ ಕೇಳಿ. ಕೇಳಿದ ಕೂಡಲೇ ಅವರ ಮುಖ ಸಿಂಡರಿಸಿದರೆ ಅಲ್ಲಿಗೆ ಉತ್ತರ ಸಿಕ್ಕಿತು.

4,500ಕ್ಕಿಂತ ಆ 2,000ದ ಮೇಲೆ ಕಣ್ಣಿಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಅದೂ ಕನಿಷ್ಠ ಒಂದು ವರ್ಷ ದುಡಿದಿದ್ದರೆ. 2,000ಕ್ಕೆ ಅದು ವರ್ಷಕ್ಕೆ 1,400 ದಿರಮ್. ಎರಡು ವರ್ಷಕ್ಕೆ 2,800. ಬೇಸಿಕ್ 3,000 ಮಾಡಿಸಿಕೊಂಡರೆ 4,200. ಉಳಿದುದನ್ನು ಭತ್ಯೆ ಎಂದು ಬರೆಯುವುದು ಕಂಪನಿಯ ಜಾಣತನ. ಆ ಜಾಣತನದ ಪಟ್ಟಿಗಳನ್ನು ಟೈಪ್ ಮಾಡುತ್ತಿದ್ದವಳು ನಾನೇ. ಸಹಿ ಹಾಕುವ ಮೊದಲು ಚೌಕಾಸಿ ಮಾಡಿ, ನಾಚಿಕೊಳ್ಳಬೇಡಿ. ಮೀನಿನ ಮಾರ್ಕೆಟ್ಟಿನಲ್ಲಿ ನಾಚಿಕೊಳ್ಳುತ್ತೀರಾ?

ವಸತಿ ಕಂಪನಿಯದೋ ನಿಮ್ಮದೋ ಎಂದು ನೀವು ಬರೆದಿಲ್ಲ. ನಿಮ್ಮದೇ ಆದರೆ ಕುಟುಂಬದ ಮಾತು ಮರೆತುಬಿಡಿ. 4,000 ದಿರಮ್ ಸಂಬಳವಿದ್ದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೆಂಬ ನಿಯಮವೇನೋ ಇದೆ, ಆದರೆ ಮನೆ ಬಾಡಿಗೆಯನ್ನು ಅಲ್ಲಿ ತಿಂಗಳಿಗಲ್ಲ, ವರ್ಷದ ಲೆಕ್ಕದಲ್ಲಿ ಮುಂಗಡ ಚೆಕ್ಕುಗಳಲ್ಲಿ ಕೇಳುತ್ತಾರೆ. ನಿಮ್ಮ ಪಾಲಿಗೆ ಬರುವುದು ಬೆಡ್ ಸ್ಪೇಸ್, ಅಂದರೆ ಒಂದು ಮಂಚ ಮತ್ತು ಅದರ ಕೆಳಗಿನ ನೆಲ. ದುಬೈಯ ಕರಾಮಾದ ನಮ್ಮ ಕೋಣೆಯಲ್ಲಿ ನಾಲ್ವರು ಹೆಂಗಸರು. ಫ್ರಿಜ್ಜಿನ ಬಾಗಿಲಿಗೆ ಅಡುಗೆಮನೆಯ ಸರದಿ ಬರೆದ ಚೀಟಿ ಅಂಟಿಸಿತ್ತು. ನನ್ನದು ರಾತ್ರಿ ಎಂಟೂಕಾಲರಿಂದ ಎಂಟೂಮುಕ್ಕಾಲು. ಕುಚ್ಚಲಕ್ಕಿ ಅರ್ಧ ಗಂಟೆಯಲ್ಲಿ ಬೇಯುತ್ತದೆಯೇ? ಬೆಳಿಗ್ಗೆ ನಾಲ್ಕೂವರೆಗೆ ಕತ್ತಲಲ್ಲಿ ಎದ್ದು, ಮಿಕ್ಕವರ ನಿದ್ದೆ ಕೆಡದಂತೆ ಸೀಟಿಯಿಲ್ಲದೆ ಪಾತ್ರೆಯಲ್ಲೇ ಅನ್ನ ಬೇಯಿಸಿ, ಗಂಜಿ ತಿಳಿಯನ್ನು ಲೋಟಕ್ಕೆ ಬಗ್ಗಿಸಿ ಉಪ್ಪು ಹಾಕಿ ನಿಂತಲ್ಲೇ ಕುಡಿಯುತ್ತಿದ್ದೆ. ಆ ಹತ್ತು ನಿಮಿಷ ಮಾತ್ರ ಆ ಊರು ನನ್ನದಾಗಿರುತ್ತಿತ್ತು.

ನೀವು ಬಯಲಲ್ಲಿ ಕೆಲಸ ಮಾಡುವವರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ದುಡಿಸುವಂತಿಲ್ಲ. ಕೆಲಸಗಾರರನ್ನು ದುಡಿಸಬೇಕಾದ ಒತ್ತಡ ಮೇಲಿನಿಂದ ಬೀಳುವುದು ಸೂಪರ್‌ವೈಸರ್ ಮೇಲೆಯೇ, ನೆನಪಿರಲಿ.

ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ. ಅದನ್ನು ಇಟ್ಟುಕೊಳ್ಳುವ ಅಧಿಕಾರ ಮಾಲೀಕನಿಗಿಲ್ಲ, ಆದರೂ ನನ್ನದು ಕಚೇರಿಯ ಕಪಾಟಿನಲ್ಲಿತ್ತು. ಅಪ್ಪ ತೀರಿಕೊಂಡ ಸುದ್ದಿ ಗುರುವಾರ ಸಂಜೆ ಬಂತು. ಶುಕ್ರವಾರ ರಜೆ, ಬೀಗದ ಕೈ ಇದ್ದವರು ಫೋನ್ ಎತ್ತಲಿಲ್ಲ. ನಾನು ಮನೆ ಮುಟ್ಟಿದ್ದು ಚಿತೆಯ ಬೂದಿ ಮುಚ್ಚುವ ದಿನ.

ಇಷ್ಟು ಹೇಳಿದ ಮೇಲೂ ಹೋಗಿ ಎನ್ನುತ್ತೇನೆ. ಆದಾಯ ತೆರಿಗೆಯಿಲ್ಲದ ಸಂಬಳ, ಡಾಲರಿಗೆ 3.6725ರಂತೆ ಗಂಟು ಹಾಕಿದ ನಾಣ್ಯ. ನಾನು ಹೋದಾಗ ದಿರಮ್‌ಗೆ ಹನ್ನೆರಡೂವರೆ ರೂಪಾಯಿ ಆಸುಪಾಸು ಇತ್ತು, ಬರುವಾಗ ಹದಿನಾರು ದಾಟಿತ್ತು. ತಂಗಿಯ ಓದು, ಮದುವೆ ಎಲ್ಲ ಆ ದುಡ್ಡಿನಲ್ಲೇ ಆದದ್ದು. ಇಲ್ಲೇ ಇದ್ದಿದ್ದರೆ ಆಗುತ್ತಿರಲಿಲ್ಲ. ಎಷ್ಟು ಲಕ್ಷ ಕೂಡಿದರೆ ಮರಳುತ್ತೀರಿ ಎಂಬುದನ್ನು ಈಗಲೇ ಹೆಂಡತಿಯ ಎದುರು ಬರೆದಿಡಿ. ಚೀಟಿ ಅವರ ಬಳಿ ಇರಲಿ, ನಿಮ್ಮ ಬಳಿ ಬೇಡ.

ಪ್ರಶ್ನೆ: ನನ್ನ ಗಂಡ ಕುವೈತಿಗೆ ಹೋಗಿ ನಾಲ್ಕು ತಿಂಗಳಾಯಿತು. ಊರಿನ ಹಳೆಯ ಉಳಿತಾಯ ಖಾತೆಗೇ ಹಣ ಕಳಿಸುತ್ತಿದ್ದಾರೆ. ತೊಂದರೆಯೇ?
– ಸುರತ್ಕಲ್‌ನ ಓದುಗರು

ಉತ್ತರ: ಹೌದು, ಸರಿಪಡಿಸಿಕೊಳ್ಳಿ. ಕೆಲಸಕ್ಕೆಂದು ಹೊರದೇಶಕ್ಕೆ ಹೋದವರು ಹಳೆಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಸಾಮಾನ್ಯ ಖಾತೆಯಾಗಿ ಬದಲಿಸಬೇಕು. ಅಲ್ಲಿನ ದುಡಿಮೆ ಬರಲು ಬೇರೆಯೇ ಎನ್‌ಆರ್‌ಇ ಖಾತೆ ತೆರೆಯಲಿ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ನೀವು ಹಣ ತೆಗೆಯುವಂತಿರಲು ಅವರಿಂದ ಬ್ಯಾಂಕಿಗೆ ಅಧಿಕಾರ ಪತ್ರ ಕೊಡಿಸಿ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂದು ಐದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರು ನಾವು, ಅರ್ಜಿ ತುಂಬಲು ಮಾತ್ರ ಸೋಮಾರಿಗಳು.

ಪ್ರಶ್ನೆ: ಬಹ್ರೇನಿನಲ್ಲಿ ಹದಿನಾಲ್ಕು ವರ್ಷ ದುಡಿದು ಕಳೆದ ವರ್ಷ ಬಂದೆ. ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ. ನೆಂಟನಂತೆ ಕೂರಿಸಿದ್ದಾರೆ.
– ಮೂಲ್ಕಿಯ ಓದುಗರು

ಉತ್ತರ: ಅಣ್ಣ, ಒಮ್ಮೆ ಆಟಿ ತಿಂಗಳಿನ ಮಳೆಯಲ್ಲಿ ರಜೆಗೆ ಬಂದವಳು ನಮ್ಮದೇ ಅಂಗಳದಲ್ಲಿ ಜಾರಿ ಬಿದ್ದೆ. ಹುಟ್ಟಿದಂದಿನಿಂದ ಓಡಾಡಿದ ಜಾಗ. ಪಾಚಿಯ ಮೇಲೆ ಹೆಬ್ಬೆರಳು ಊರಿ ನಡೆಯಬೇಕೆಂಬುದನ್ನು ಕಾಲು ಮರೆತಿತ್ತು. ಎಂಬತ್ತು ದಾಟಿದ ಪಕ್ಕದ ಮನೆಯ ಅಜ್ಜಿ ಕೊಡ ಹೊತ್ತು ಅದೇ ಪಾಚಿಯ ಮೇಲೆ ನಡೆದು ಬಂದು ನನ್ನನ್ನು ಎಬ್ಬಿಸಿದರು.

ಹದಿನಾಲ್ಕು ವರ್ಷ ಅತ್ತಿಗೆ ಒಬ್ಬರೇ ಪಂಪು ಕೆಟ್ಟಾಗ, ಮಗುವಿಗೆ ಜ್ವರ ಬಂದಾಗ, ನಾಗನಿಗೆ ತಂಬಿಲದ ಪೂಜೆಯ ದಿನ ಗೊತ್ತು ಮಾಡುವಾಗ ತೀರ್ಮಾನ ಮಾಡಿದವರು. ನೀವು ಬಂದ ಮರುದಿನವೇ ಅದನ್ನೆಲ್ಲ ನಿಮ್ಮ ಕೈಗೆ ಏಕೆ ಕೊಡಬೇಕು? ತೆಂಗಿನಕಾಯಿ ಕೀಳುವವರ ನಂಬರ್ ಅವರ ಮೊಬೈಲಿನಲ್ಲಿದೆ, ನಿಮ್ಮದರಲ್ಲಿದೆಯೇ? ಇಲ್ಲವಾದರೆ ಇಂದು ಕೇಳಿ ಬರೆದುಕೊಳ್ಳಿ. ಮುಂದಿನ ಸಲ ಕಾಯಿ ಕೀಳಿಸುವಾಗ ಎಣಿಸಲು ನೀವು ಕೂತುಕೊಳ್ಳಿ.