ಪಶುವೈದ್ಯರ ಅಂಕಣ: ತೂರಾಡುವ ಬೆಕ್ಕಿನ ಮರಿ, ಮುಗ್ಗರಿಸುವ ಆಡುಗಳು

ಪ್ರಶ್ನೆ: ನಮ್ಮ ಅಟ್ಟದ ಮೇಲೆ ಬೆಕ್ಕೊಂದು ಮೂರು ಮರಿ ಹಾಕಿತ್ತು. ಈಗ ಅವಕ್ಕೆ ಮೂರೂವರೆ ತಿಂಗಳು. ಎರಡು ಚುರುಕಾಗಿವೆ, ಮೂರನೆಯದು ನಡೆಯಲು ಕಲಿತಂದಿನಿಂದಲೂ ತೂರಾಡುತ್ತಿದೆ. ತಟ್ಟೆಗೆ ಬಾಯಿ ಹಾಕುವಾಗ ತಲೆ ಗಡಗಡ ನಡುಗಿ ಮೂಗು ಅನ್ನದಲ್ಲಿ ಹೂತುಹೋಗುತ್ತದೆ. ಮಲಗಿದರೆ ನಡುಕವಿಲ್ಲ. ಇದು ಮೂರ್ಛೆರೋಗವೆಂದು ಒಬ್ಬರು ಮಾತ್ರೆ ಹೇಳಿದ್ದಾರೆ. ಪಕ್ಕದ ಮನೆಯ ಅಜ್ಜಿ ದೃಷ್ಟಿ ತಾಗಿದೆ ಎನ್ನುತ್ತಾರೆ. ಮಾತ್ರೆ ಕೊಡಬೇಕೆ?
ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ಮಲಗಿದರೆ ನಡುಕವಿಲ್ಲ ಎಂಬ ನಿಮ್ಮ ಒಂದು ಸಾಲಿನಲ್ಲೇ ಉತ್ತರದ ಬಹುಭಾಗ ಅಡಗಿದೆ. ಮೂರ್ಛೆ ಬಂದಾಗ ಪ್ರಾಣಿಗೆ ಸಾಮಾನ್ಯವಾಗಿ ಎಚ್ಚರ ತಪ್ಪುತ್ತದೆ, ಮತ್ತು ಅದು ನಿದ್ದೆಯಲ್ಲೂ ಬರಬಹುದು. ನಿಮ್ಮ ಮರಿಗೆ ಪೂರ್ಣ ಎಚ್ಚರವಿದೆ, ಹಸಿವಿದೆ. ಒಂದು ಗುರಿಯತ್ತ ತಲೆ ಚಾಚಿದಾಗ ಮಾತ್ರ ನಡುಕ ಹೆಚ್ಚುತ್ತದೆ. ಇದು ಅನುಮಸ್ತಿಷ್ಕದ, ಅಂದರೆ ತಲೆಯ ಹಿಂಭಾಗದಲ್ಲಿರುವ ಚಿಕ್ಕ ಮೆದುಳಿನ ದೋಷದ ಲಕ್ಷಣ. ಚಲನೆಯನ್ನು ಆರಂಭಿಸುವುದು ಅದರ ಕೆಲಸವಲ್ಲ. ಹೆಜ್ಜೆ ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಳತೆಯನ್ನು ಅದು ನೋಡಿಕೊಳ್ಳುತ್ತದೆ. ಆ ಅಳತೆ ತಪ್ಪಿದ ಪ್ರಾಣಿಯ ಕಾಲಿನಲ್ಲಿ ಶಕ್ತಿ ಕುಂದಿರುವುದಿಲ್ಲ; ಅದು ಕಾಲುಗಳನ್ನು ಅಗಲಿಸಿ ನಿಂತು, ಕವಾಯತು ಮಾಡುವವರಂತೆ ಎತ್ತೆತ್ತಿ ಹಾಕುತ್ತದೆ.

ಬೆಕ್ಕಿನ ಮರಿಗಳಲ್ಲಿ ಇದಕ್ಕೆ ಅತಿ ಸಾಮಾನ್ಯ ಕಾರಣ ಪ್ಯಾನ್‌ಲ್ಯೂಕೋಪೇನಿಯಾ ವೈರಾಣು. ಗಬ್ಬದ ಬೆಕ್ಕಿಗೆ ಅಥವಾ ಆಗತಾನೆ ಹುಟ್ಟಿದ ಮರಿಗೆ ಈ ಸೋಂಕು ತಗುಲಿದರೆ, ವೇಗವಾಗಿ ವಿಭಜನೆಯಾಗುವ ಕೋಶಗಳನ್ನೇ ಹುಡುಕುವ ವೈರಾಣು ಇನ್ನೂ ಬೆಳೆಯುತ್ತಿರುವ ಚಿಕ್ಕ ಮೆದುಳನ್ನು ಹಾಳುಮಾಡುತ್ತದೆ. ಒಂದೇ ಸೂಲಿನ ಮರಿಗಳೆಲ್ಲವೂ ಸಮನಾಗಿ ಬಾಧಿತವಾಗುವುದಿಲ್ಲವಾದ್ದರಿಂದ ಉಳಿದೆರಡು ಚೆನ್ನಾಗಿರುವುದು ಆಶ್ಚರ್ಯವಲ್ಲ. ಅಜ್ಜಿಯವರು ಬೇಸರಪಡದಿರಲಿ, ಮರಿಯನ್ನು ಯಾರೂ ನೋಡುವ ಮೊದಲೇ ಆಗಿಹೋದ ಹಾನಿಯಿದು.

ಆದ್ದರಿಂದ ಮೂರ್ಛೆಯ ಮಾತ್ರೆಯಿಂದ ಪ್ರಯೋಜನವಿಲ್ಲ. ಈಗಾಗಲೇ ಕೊಡುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ, ವೈದ್ಯರು ಹೇಳಿದಂತೆ ಕಡಿಮೆ ಮಾಡುತ್ತ ಬನ್ನಿ. ಹೋದ ಕೋಶಗಳು ಮರಳುವುದಿಲ್ಲ, ಆದರೆ ಈ ದೋಷ ಹೆಚ್ಚುವುದೂ ಇಲ್ಲ. ಮರಿ ತನ್ನ ತೂರಾಟಕ್ಕೆ ಹೊಂದಿಕೊಂಡು ಪೂರ್ಣಾಯುಷ್ಯ ಬದುಕಬಲ್ಲದು. ಬಟ್ಟಲು ಭಾರವಾಗಿರಲಿ, ಅದನ್ನು ಮರಿಯ ಎದೆಮಟ್ಟಕ್ಕೆ ಎತ್ತರಿಸಿಡಿ. ನುಣುಪಾದ ಟೈಲ್ಸಿನ ಮೇಲೆ ಗೋಣಿತಾಟು ಹಾಸಿ. ಅಟ್ಟ, ಮಾಳಿಗೆ, ಬೀದಿ ಮೂರೂ ಅದಕ್ಕೆ ಬೇಡ. ತಾಯಿಬೆಕ್ಕಿಗೆ ಮುಂದೆ ಲಸಿಕೆ ಹಾಕಿಸುವಾಗ ಗಬ್ಬವಿಲ್ಲವೆಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಜೀವಂತ ವೈರಾಣುವಿನ ಲಸಿಕೆಯೂ ಹೊಟ್ಟೆಯಲ್ಲಿರುವ ಮರಿಗೆ ಇದೇ ಹಾನಿಯನ್ನು ಮಾಡಬಲ್ಲದು. ಈ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನೈಲನ್ನು ನಂಬಬೇಡಿ, ಅದು ಬೆಕ್ಕಿಗೇ ವಿಷ. ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ ಅಟ್ಟವನ್ನು ಒರೆಸಿ.

ತೂರಾಟ ವಾರದಿಂದ ವಾರಕ್ಕೆ ಹೆಚ್ಚಿದರೆ, ತಲೆ ಒಂದೇ ಕಡೆಗೆ ವಾಲಿದರೆ ಅಥವಾ ಮರಿ ಒಂದೇ ಬದಿಗೆ ಉರುಳಿದರೆ ಮಾತ್ರ ನನ್ನ ಈ ಅಭಿಪ್ರಾಯ ನಿಲ್ಲುವುದಿಲ್ಲ. ಆಗ ಒಳಗಿವಿಯ ಅಥವಾ ಬೇರೆ ರೋಗವನ್ನು ಹುಡುಕಬೇಕಾಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಆಡುಗಳನ್ನು ಒಣಗಿದ ಕೆರೆಯಂಗಳದಲ್ಲಿ ಮೇಯಿಸಿದ್ದೆವು. ಈಗ ನಾಲ್ಕು ಆಡುಗಳು ಅಟ್ಟಿದರೆ ಮುಗ್ಗರಿಸಿ ಬೀಳುತ್ತವೆ, ತಲೆ ಅಲ್ಲಾಡಿಸುತ್ತವೆ, ಸೊರಗುತ್ತಿವೆ. ಇದು ಹುಚ್ಚು ರೋಗವೆ?
ಆಡು ಸಾಕಣೆದಾರರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಆ ಕೆರೆಯಂಗಳದಲ್ಲಿ ತಿಳಿ ನೇರಳೆ ಬಣ್ಣದ ಕಹಳೆಯಂಥ ಹೂ ಬಿಡುವ, ಕೆಲವರು ಬೇಲಿಗೂ ಹಚ್ಚುವ ಗಿಡ ಹಬ್ಬಿದೆಯೇ ನೋಡಿ. ಅದರ ಹೆಸರು ಐಪೋಮಿಯಾ ಕಾರ್ನಿಯಾ. ಮೂಲ ಅಮೆರಿಕದ ಉಷ್ಣವಲಯ. ಎಲ್ಲೆಡೆ ಒಣಗಿದಾಗಲೂ ಹಸಿರಾಗಿರುವುದರಿಂದ ಹಸಿದ ಆಡು ಅದಕ್ಕೆ ಬಾಯಿ ಹಾಕುತ್ತದೆ, ರುಚಿ ಹತ್ತಿದ ಮೇಲೆ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಒಂದನ್ನು ನೋಡಿ ಇನ್ನೊಂದು ಕಲಿಯುವುದೂ ಉಂಟು. ಅದರಲ್ಲಿರುವ ಸ್ವೈನ್ಸೋನಿನ್ ಎಂಬ ವಿಷವು ಕೋಶದೊಳಗೆ ಸಕ್ಕರೆಯ ಸರಪಳಿಗಳನ್ನು ಕತ್ತರಿಸುವ ಕಿಣ್ವವನ್ನು ತಡೆಯುತ್ತದೆ; ಕತ್ತರಿಸದೆ ಉಳಿದದ್ದು ಒಳಗೇ ಶೇಖರವಾಗಿ ಕೋಶ ಊದುತ್ತದೆ. 1837ರಲ್ಲಿ ಚೆಕ್ ವಿಜ್ಞಾನಿ ಪರ್ಕಿಂಜೆ ವಿವರಿಸಿದ ಚಿಕ್ಕ ಮೆದುಳಿನ ದೊಡ್ಡ ಕೋಶಗಳು ಇದಕ್ಕೆ ವಿಶೇಷವಾಗಿ ಬಲಿಯಾಗುತ್ತವೆ.

ಆಡಿನ ಗದ್ದ ಹಿಡಿದು ತಲೆಯನ್ನು ಮೇಲಕ್ಕೆತ್ತಿ ಸ್ವಲ್ಪ ಹೊತ್ತಿನ ನಂತರ ಬಿಡಿ. ಈ ವಿಷವೇರಿದ ಆಡು ಸೆಟೆದು ತತ್ತರಿಸುತ್ತದೆ, ಕೆಲವೊಮ್ಮೆ ಬಿದ್ದೇಬಿಡುತ್ತದೆ. ಆದರೆ ಜೊಲ್ಲು ಸುರಿಯುತ್ತಿದ್ದರೆ, ದನಿ ಒಡೆದಿದ್ದರೆ ಅಥವಾ ನಾಯಿ ಕಚ್ಚಿದ ಅನುಮಾನವಿದ್ದರೆ ಈ ಪರೀಕ್ಷೆ ಮಾಡಬೇಡಿ, ಬಾಯಿಗೆ ಕೈ ಹಾಕಬೇಡಿ. ಹುಚ್ಚಿನ ಶಂಕೆಯನ್ನು ವೈದ್ಯರೇ ಬಗೆಹರಿಸಬೇಕು.

ಈ ವಿಷಕ್ಕೆ ಮದ್ದಿಲ್ಲ. ಇಂದೇ ಮಂದೆಯನ್ನು ಅಲ್ಲಿಂದ ತೆಗೆಯಿರಿ, ರುಚಿ ಹತ್ತಿದ ಆಡುಗಳನ್ನು ಬೇರೆ ಕಟ್ಟಿ ಜೋಳದ ಮೇವು ಕೊಡಿ. ಬೇಗ ತಪ್ಪಿಸಿದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ತಡವಾದರೆ ಮೈ ತುಂಬಿಕೊಂಡರೂ ನಡಿಗೆಯ ತತ್ತರ ಉಳಿಯುತ್ತದೆ. ಯಾವುದಾದರೂ ಆಡು ಸತ್ತರೆ ಹೂಳುವ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯವೂ ನಿಮಗೆ ದೂರವಲ್ಲ. ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಊದಿದ ಕೋಶಗಳು ಕಾಣುತ್ತವೆ.